ಹನ್ನೆರಡು ಮೈಲಿಯಾಚೆ ಪೊಲೀಸ್ ಯಾರು?

2024ರ ಕ್ರಿಸ್‌ಮಸ್ ದಿನ ಫಿನ್ಲೆಂಡ್ ಮತ್ತು ಎಸ್ಟೋನಿಯಾ ನಡುವೆ ಸಮುದ್ರದ ತಳದಲ್ಲಿ ಹಾದುಹೋಗಿದ್ದ ಎಸ್ಟ್‌ಲಿಂಕ್ 2 ಎಂಬ ವಿದ್ಯುತ್ ಕೇಬಲ್ ತುಂಡಾಯಿತು. ಜೊತೆಗೆ ನಾಲ್ಕು ದೂರಸಂಪರ್ಕ ಕೇಬಲ್‌ಗಳಿಗೂ ಪೆಟ್ಟು ಬಿತ್ತು. ಕುಕ್ ದ್ವೀಪಗಳಲ್ಲಿ ನೋಂದಣಿಯಾಗಿದ್ದ ಈಗಲ್ ಎಸ್ ಎಂಬ ತೈಲ ಹಡಗು ಲಂಗರನ್ನು ತಳದಲ್ಲಿ ಹತ್ತಾರು ಕಿಲೋಮೀಟರ್ ಎಳೆದುಕೊಂಡೇ ಸಾಗಿತ್ತು. ಫಿನ್ಲೆಂಡಿನವರು ಹಡಗನ್ನು ತಮ್ಮ ಜಲಸೀಮೆಗೆ ಕರೆಸಿಕೊಂಡು, ಹೆಲಿಕಾಪ್ಟರ್‌ನಿಂದ ಇಳಿದು ವಶಕ್ಕೆ ತೆಗೆದುಕೊಂಡರು. ಕಳಚಿಬಿದ್ದಿದ್ದ ಲಂಗರೂ ಸಿಕ್ಕಿತು. ದುರಸ್ತಿಗೆ ಕನಿಷ್ಠ 6 ಕೋಟಿ ಯೂರೊ ಖರ್ಚಾಯಿತು ಎಂಬ ಲೆಕ್ಕವೂ ನ್ಯಾಯಾಲಯದ ಮುಂದೆ ಬಂತು.

ಇಷ್ಟೆಲ್ಲ ಆದ ಮೇಲೆ 2025ರ ಅಕ್ಟೋಬರ್ 3ರಂದು ಹೆಲ್ಸಿಂಕಿ ಜಿಲ್ಲಾ ನ್ಯಾಯಾಲಯ, ಈ ಮೊಕದ್ದಮೆ ನಡೆಸುವ ಅಧಿಕಾರವೇ ತನಗಿಲ್ಲ ಎಂದು ಪ್ರಕರಣವನ್ನು ವಜಾ ಮಾಡಿತು. ಆರೋಪಿಗಳಾಗಿದ್ದ ಕ್ಯಾಪ್ಟನ್ ಮತ್ತು ಇಬ್ಬರು ಅಧಿಕಾರಿಗಳ ವಕೀಲರ ಖರ್ಚನ್ನೂ ಸರ್ಕಾರವೇ ಭರಿಸಬೇಕು ಎಂದಿತು. ಆ ಮೂವರಲ್ಲಿ ಒಬ್ಬರು ಭಾರತೀಯ.

ಹಡಗು ಕೈಯಲ್ಲೇ ಇತ್ತು, ಲಂಗರು ಸಿಕ್ಕಿತ್ತು, ನಷ್ಟದ ಲೆಕ್ಕವಿತ್ತು. ಹಾಗಿದ್ದೂ ಕೇಸು ಯಾಕೆ ನಿಲ್ಲಲಿಲ್ಲ? ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ಗಾಳಿ ಗಿರಣಿ ನೆಡಲು ಹೊರಟಿರುವ ನಮಗೂ ಈ ಪ್ರಶ್ನೆ ಎದುರಾಗಲಿದೆ. ಆ ಯೋಜನೆಗೆಂದೇ ಕೇಂದ್ರ ಸಂಪುಟ 2024ರ ಜೂನ್‌ನಲ್ಲಿ 7,453 ಕೋಟಿ ರೂಪಾಯಿಯ ನೆರವಿಗೆ ಒಪ್ಪಿಗೆ ಕೊಟ್ಟಿದೆ. ಎರಡೂ ರಾಜ್ಯಗಳ ಕಡಲಲ್ಲಿ ತಲಾ 500 ಮೆಗಾವಾಟ್ ಮೊದಲ ಗುರಿ.

ಘಟ್ಟದ ಮೇಲಿನವರಿಗೆ ಯಾಕೆ ಈ ಉಸಾಬರಿ

ಹಾಸನ, ಚಿಕ್ಕಮಗಳೂರಿನ ಓದುಗರಿಗೆ ಇದು ದೂರದ ಸುದ್ದಿ ಅನ್ನಿಸುವುದು ಸಹಜ. ಸಕಲೇಶಪುರದ ಕಿರು ಜಲವಿದ್ಯುತ್ ಘಟಕದಲ್ಲಿ ಯಾರೋ ತಂತಿ ಕತ್ತರಿಸಿದರೆ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತು. ಠಾಣೆ ಯಾವುದು, ತಹಶೀಲ್ದಾರ್ ಯಾರು, ಯಾವ ಕೋರ್ಟ್‌ಗೆ ಹೋಗುತ್ತದೆ ಎಂಬುದರಲ್ಲಿ ಗೊಂದಲವಿಲ್ಲ. ನೆಲದ ಮೇಲೆ ಠಾಣೆಯ ಸರಹದ್ದು ಮುಗಿದಲ್ಲಿ ಇನ್ನೊಂದು ಠಾಣೆಯದು ಶುರುವಾಗುತ್ತದೆ. ಕಡಲಲ್ಲಿ ಹಾಗಿಲ್ಲ.

ಆದರೂ ನಂಟು ಇದೆ, ಅದೂ ಗಟ್ಟಿಯಾಗಿಯೇ. ಮಂಗಳೂರಿನ ಎಂಆರ್‌ಪಿಎಲ್ ತೈಲಾಗಾರದಿಂದ ಘಟ್ಟ ಹತ್ತಿ ಹಾಸನಕ್ಕೆ, ಅಲ್ಲಿಂದ ಬೆಂಗಳೂರಿನ ಹತ್ತಿರದ ದೇವನಗೊಂದಿಗೆ ಪೆಟ್ರೋಲ್, ಡೀಸೆಲ್ ಹರಿಯುವ 360 ಕಿ.ಮೀ.ಗೂ ಉದ್ದದ ಕೊಳವೆ ಮಾರ್ಗವಿದೆ. ಆ ತೈಲಾಗಾರಕ್ಕೆ ಕಚ್ಚಾ ತೈಲ ತರುವ ದೈತ್ಯ ಹಡಗುಗಳು ಪಣಂಬೂರಿನ ಬಂದರಿನೊಳಕ್ಕೆ ಬರುವಷ್ಟು ಆಳ ಅಲ್ಲಿಲ್ಲ. ಅವು ದಡದಿಂದ ಸುಮಾರು 16 ಕಿ.ಮೀ. ಆಚೆ, ಎಸ್‌ಪಿಎಂ ಎಂದು ಕರೆಯುವ ತೇಲುವ ಬೋಯೆಗೆ ಕಟ್ಟಿಕೊಂಡು ನಿಲ್ಲುತ್ತವೆ. ಹಡಗಿನ ಎಣ್ಣೆ ರಬ್ಬರ್ ಮೆದುಗೊಳವೆಯಲ್ಲಿ ಬೋಯೆಗೆ, ಬೋಯೆಯಿಂದ ಸಮುದ್ರದ ತಳದ ಪೈಪಿಗೆ, ಅಲ್ಲಿಂದ ದಡಕ್ಕೆ ಬರುತ್ತದೆ. ಮಂಗಳೂರು ಮತ್ತು ಪಾದೂರಿನ ನೆಲದಡಿಯ ತುರ್ತು ದಾಸ್ತಾನು ಗುಹೆಗಳೂ (ಒಂದರಲ್ಲಿ 15 ಲಕ್ಷ ಟನ್, ಇನ್ನೊಂದರಲ್ಲಿ 25 ಲಕ್ಷ ಟನ್) ತುಂಬುವುದು ಕಡಲ ಕಡೆಯಿಂದಲೇ. ಅಂದರೆ ಕರ್ನಾಟಕದ ಕಡಲಲ್ಲಿ ಇಂಧನ ಸ್ಥಾವರ ಈಗಾಗಲೇ ಇದೆ. ಅದು ಕೆಟ್ಟು ನಿಂತರೆ ಬಿಸಿ ಹಾಸನದ ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಯ ಬಂಕಿಗೂ ತಟ್ಟುತ್ತದೆ.

ವಿದ್ಯುತ್ ಬಿಲ್ಲಿನ ವಿಚಾರ ಬೇರೆ. ಕಡಲ ಗಾಳಿಯ ಕರೆಂಟು ಹಾಸನದ ಸೆಸ್ಕ್ ಬಿಲ್ಲಿಗಾಗಲಿ, ಚಿಕ್ಕಮಗಳೂರಿನ ಮೆಸ್ಕಾಂ ಬಿಲ್ಲಿಗಾಗಲಿ ಸದ್ಯಕ್ಕೆ ಬರುವುದಿಲ್ಲ. ಮೊದಲ ಕಂತಿನಲ್ಲಿ ಕರ್ನಾಟಕದ ಕಡಲೇ ಇಲ್ಲ.

ಮೈಲಿಗೊಂದು ಕಾನೂನು

ಕಡಲನ್ನು ಕಾನೂನು ಪಟ್ಟಿ ಪಟ್ಟಿಯಾಗಿ ಹಂಚಿದೆ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ.ವರೆಗಿನದು ಪ್ರಾದೇಶಿಕ ಜಲಸೀಮೆ. ಚಿಕ್ಕಮಗಳೂರಿನಿಂದ ಬೇಲೂರಿಗಿರುವ ದೂರಕ್ಕಿಂತ ತುಸು ಕಡಿಮೆ. ಇಲ್ಲಿ ನೆಲದ ಮೇಲಿನಂತೆಯೇ ನಮ್ಮ ಕಾನೂನು ನಡೆಯುತ್ತದೆ. ವಿದೇಶಿ ಹಡಗುಗಳಿಗೆ ತಂಟೆ ಮಾಡದೆ ಹಾದುಹೋಗುವ ಹಕ್ಕಷ್ಟೇ. 24 ಮೈಲಿವರೆಗಿನ ಮುಂದಿನ ಪಟ್ಟಿಯಲ್ಲಿ ಸುಂಕ, ವಲಸೆ, ನೈರ್ಮಲ್ಯ, ಭದ್ರತೆಯಂಥ ಕೆಲವು ವಿಷಯಗಳಲ್ಲಿ ತಪಾಸಣೆ ಮಾಡಬಹುದು. 200 ಮೈಲಿ ತನಕ, ಅಂದರೆ ಹಾಸನದಿಂದ ಬೆಂಗಳೂರಿಗೆ ಹೋಗಿ ಬಂದಷ್ಟು ದೂರಕ್ಕೆ, ಇಇಝಡ್ ಎನ್ನುವ ಅನನ್ಯ ಆರ್ಥಿಕ ವಲಯ ಹರಡಿದೆ. ಗೊಂದಲವೆಲ್ಲ ಈ ವಲಯದ್ದೇ.

ಇಇಝಡ್‌ನಲ್ಲಿ ಮೀನು, ತೈಲ, ಖನಿಜ, ಗಾಳಿ, ಅಲೆ ನಮ್ಮವು. ಅಲ್ಲಿ ಸ್ಥಾವರ ಕಟ್ಟುವ, ಕಟ್ಟಲು ಬಿಡುವ, ಅದರ ಮೇಲೆ ಕಾನೂನು ಚಲಾಯಿಸುವ ಹಕ್ಕೂ ನಮ್ಮದೇ. ಹಾದುಹೋಗುವ ಹಡಗು ಮಾತ್ರ ನಮ್ಮದಲ್ಲ. ಸಂಚಾರದ ವಿಷಯದಲ್ಲಿ ಅದು ತೆರೆದ ಸಾಗರ ಇದ್ದ ಹಾಗೆಯೇ. ಕಂಬ ನಮ್ಮ ಕಾನೂನಿಗೆ ಒಳಪಟ್ಟಿದೆ, ಕಂಬಕ್ಕೆ ಗುದ್ದುವ ಹಡಗು ಅದು ನೋಂದಣಿಯಾದ ದೇಶದ ಕಾನೂನಿಗೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಎರಡನ್ನೂ ಒಟ್ಟಿಗೆ ಒಪ್ಪಿಕೊಂಡಿದೆ. ನಡುವೆ ಒಂದು ಸಣ್ಣ ರಾಜಿಯೂ ಇದೆ. 60ನೇ ವಿಧಿಯ ಪ್ರಕಾರ ಸ್ಥಾವರದ ಸುತ್ತ 500 ಮೀಟರ್‌ವರೆಗೆ ಸುರಕ್ಷಾ ವಲಯ ಗುರುತಿಸಬಹುದು, ಅದನ್ನು ಎಲ್ಲ ಹಡಗುಗಳೂ ಗೌರವಿಸಬೇಕು. ಲಕ್ಷ ಟನ್ ತೂಕದ ಹಡಗಿಗೆ ನಿಲ್ಲಲು ಕಿಲೋಮೀಟರುಗಟ್ಟಲೆ ಜಾಗ ಬೇಕು. 500 ಮೀಟರ್ ಎಷ್ಟರ ಮಟ್ಟಿಗೆ ರಕ್ಷಣೆ ಎನ್ನುವುದನ್ನು ನೀವೇ ಊಹಿಸಿ.

ಭಾರತದ ಕಡೆ ನೋಡಿದರೆ ಮೂಲ ಕಾಯ್ದೆ 1976ರದ್ದು. ಪ್ರಾದೇಶಿಕ ಜಲ, ಭೂಖಂಡದ ಅಂಚು, ಆರ್ಥಿಕ ವಲಯಗಳ ಕುರಿತಾದದ್ದು. ವಿಶ್ವಸಂಸ್ಥೆಯ ಒಪ್ಪಂದಕ್ಕಿಂತ ಆರು ವರ್ಷ ಹಳೆಯದಾದರೂ ಇದನ್ನು ಬರೆದವರು ಮುಂದಾಲೋಚನೆ ಇದ್ದವರು. ಉಬ್ಬರ, ಗಾಳಿ, ಪ್ರವಾಹಗಳಿಂದ ಶಕ್ತಿ ಉತ್ಪಾದಿಸುವ ಹಕ್ಕನ್ನು 7ನೇ ಸೆಕ್ಷನ್‌ನಲ್ಲೇ ಹೆಸರಿಸಿದ್ದಾರೆ. ಅದೇ ಸೆಕ್ಷನ್‌ನಡಿ ಕೇಂದ್ರ ಸರ್ಕಾರ ಇಇಝಡ್‌ನ ಯಾವುದೇ ಭಾಗವನ್ನು ಗೊತ್ತುಪಡಿಸಿದ ಪ್ರದೇಶವೆಂದು ಘೋಷಿಸಿ ಸ್ಥಾವರಗಳ ರಕ್ಷಣೆಗೆ ನಿಯಮ ಮಾಡಬಹುದು. ದೇಶದ ಯಾವ ಕಾನೂನನ್ನು ಬೇಕಾದರೂ ಅಧಿಸೂಚನೆ ಹೊರಡಿಸಿ ಅಲ್ಲಿಗೆ ವಿಸ್ತರಿಸಬಹುದು. 1981ರ ಆಗಸ್ಟ್ 27ರ ಅಧಿಸೂಚನೆ ಭಾರತೀಯ ದಂಡ ಸಂಹಿತೆಯನ್ನೂ ಅಪರಾಧ ಪ್ರಕ್ರಿಯಾ ಸಂಹಿತೆಯನ್ನೂ ಹೀಗೆಯೇ ಕಡಲಿಗೆ ಇಳಿಸಿತು. 2024ರ ಜುಲೈ 1ರಿಂದ ಅವುಗಳ ಜಾಗಕ್ಕೆ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ಹಳೆಯ ಕಾನೂನಿನ ಉಲ್ಲೇಖವನ್ನು ಹೊಸದಕ್ಕೆ ಅನ್ವಯಿಸಿ ಓದಲು ಜನರಲ್ ಕ್ಲಾಸಸ್ ಕಾಯ್ದೆಯಲ್ಲಿ ದಾರಿಯಿದೆ. ಆದರೂ ಕೋಟಿಗಟ್ಟಲೆ ರೂಪಾಯಿಯ ಕೇಸಿನಲ್ಲಿ ಎದುರು ವಕೀಲರು ಮೊದಲು ಕೆದಕುವುದು ಇಂಥ ಸಂದುಗಳನ್ನೇ.

ಆದ್ದರಿಂದ ಕಡಲಲ್ಲಿ ಕಾನೂನೇ ಇಲ್ಲ ಎನ್ನುವುದು ತಪ್ಪು ತಿಳಿವಳಿಕೆ. ಕಾನೂನು ಇದೆ, ತುಂಡು ತುಂಡಾಗಿ ಇದೆ. ಆ ತುಂಡುಗಳನ್ನು ಜೋಡಿಸುವ ಕೆಲಸ ಬಾಕಿ ಇದೆ.

ಡಿಕ್ಕಿಯಾದರೆ ಯಾರ ಕೋರ್ಟು

ಹೆಲ್ಸಿಂಕಿಯಲ್ಲಿ ಕೇಸನ್ನು ಬೀಳಿಸಿದ್ದು ಒಪ್ಪಂದದ 97ನೇ ವಿಧಿ. ತೆರೆದ ಸಾಗರದಲ್ಲಿ ಡಿಕ್ಕಿ ಅಥವಾ ಸಂಚಾರಕ್ಕೆ ಸಂಬಂಧಿಸಿದ ಬೇರೆ ಅವಘಡವಾದರೆ, ಹಡಗಿನ ಅಧಿಕಾರಿಗಳ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವ ಅಧಿಕಾರ ಎರಡೇ ಕಡೆಯವರಿಗೆ: ಹಡಗು ನೋಂದಣಿಯಾದ ದೇಶಕ್ಕೆ, ಇಲ್ಲವೇ ಆ ಅಧಿಕಾರಿಯ ತಾಯ್ನಾಡಿಗೆ. 58ನೇ ವಿಧಿ ಇದನ್ನು ಇಇಝಡ್‌ಗೂ ತಂದಿದೆ. ಕೇಬಲ್ ಕಡಿದದ್ದು ಫಿನ್ಲೆಂಡಿನ 12 ಮೈಲಿಯ ಆಚೆ. ನ್ಯಾಯಾಲಯ ಅದನ್ನು ಸಂಚಾರದ ಅವಘಡ ಎಂದು ಕಂಡಿತು. ಆ ನ್ಯಾಯಾಲಯದಲ್ಲಿ ಕೇಸು ಅಲ್ಲಿಗೆ ಮುಗಿಯಿತು.

ಈ ನಿಯಮದ ಹಿಂದೆ ಒಂದು ಇತಿಹಾಸವಿದೆ. 1926ರಲ್ಲಿ ಲೋಟಸ್ ಎಂಬ ಫ್ರೆಂಚ್ ಹಡಗು ಟರ್ಕಿಯ ಹಡಗಿಗೆ ಡಿಕ್ಕಿ ಹೊಡೆದು ಜನ ಸತ್ತಾಗ ಟರ್ಕಿ ಫ್ರೆಂಚ್ ಅಧಿಕಾರಿಯನ್ನು ಬಂಧಿಸಿ ಶಿಕ್ಷಿಸಿತು. 1927ರಲ್ಲಿ ಅಂದಿನ ಅಂತರರಾಷ್ಟ್ರೀಯ ನ್ಯಾಯಾಲಯ ಅದನ್ನು ತಪ್ಪೆನ್ನಲಿಲ್ಲ. ನಾವಿಕರ ಲೋಕ ಬೆಚ್ಚಿತು. ಹೋದ ಬಂದ ಕಡೆಯಲ್ಲೆಲ್ಲ ಜೈಲಾದರೆ ಹಡಗು ನಡೆಸುವುದು ಹೇಗೆ? ಮುಂದಿನ ದಶಕಗಳಲ್ಲಿ ದೇಶಗಳು ಒಪ್ಪಂದ ಮಾಡಿಕೊಂಡು ಆ ತೀರ್ಪನ್ನು ತಿರುಗಿಸಿದವು.

ಇದು ನಮಗೂ ಅನುಕೂಲದ ನಿಯಮ ಎಂಬುದನ್ನು ಮರೆಯಬಾರದು. ಜಗತ್ತಿನ ಹಡಗುಗಳಲ್ಲಿ ದುಡಿಯುವವರಲ್ಲಿ ಭಾರತೀಯರದ್ದು ದೊಡ್ಡ ಪಾಲು. 2007ರ ಡಿಸೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಕರಾವಳಿಯಲ್ಲಿ ಲಂಗರು ಹಾಕಿ ನಿಂತಿದ್ದ ಹೆಬೈ ಸ್ಪಿರಿಟ್ ಎಂಬ ತೈಲ ಹಡಗಿಗೆ, ಎಳೆಹಗ್ಗ ಕಡಿದುಕೊಂಡು ತೇಲಿ ಬಂದ ಕ್ರೇನ್ ಬಾರ್ಜ್ ಗುದ್ದಿತು. ಹಡಗಿನ ಇಬ್ಬರು ಭಾರತೀಯ ಅಧಿಕಾರಿಗಳು ಊರಿಗೆ ಮರಳಿದ್ದು 2009ರ ಜೂನ್‌ನಲ್ಲಿ. ಅದು ಕೊರಿಯಾದ ಜಲಸೀಮೆಯೊಳಗಿನ ಘಟನೆ, 97ನೇ ವಿಧಿ ಅವರ ನೆರವಿಗೆ ಬರಲಿಲ್ಲ. ಕಡಲಿನ ಆಸ್ತಿ ಕಾಯಬೇಕು ಎನ್ನುವಾಗ ಭಾರತ ಒಂದು ಕಡೆ ನಿಂತಿರುತ್ತದೆ, ನಮ್ಮ ನಾವಿಕರನ್ನು ಬಿಡಿಸಿ ಎನ್ನುವಾಗ ಇನ್ನೊಂದು ಕಡೆ. ಈ ಇಬ್ಬಂದಿತನ ನಮ್ಮ ನಿಲುವಿನಲ್ಲಿ ಯಾವಾಗಲೂ ಇರುತ್ತದೆ.

ಭಾರತದಲ್ಲಿ ಇದೇ ವಿಧಿ ಚರ್ಚೆಗೆ ಬಂದದ್ದು ಎನ್ರಿಕಾ ಲೆಕ್ಸಿ ಪ್ರಕರಣದಲ್ಲಿ. 2012ರ ಫೆಬ್ರವರಿ 15ರಂದು ಕೇರಳದ ಕಡಲಲ್ಲಿ, ದಡದಿಂದ ಸುಮಾರು 20.5 ಮೈಲಿ ಆಚೆ, ಇಟಲಿಯ ಹಡಗಿನ ಮೇಲಿದ್ದ ನೌಕಾ ಯೋಧರ ಗುಂಡಿಗೆ ಇಬ್ಬರು ಮೀನುಗಾರರು ಬಲಿಯಾದರು. ಕೇರಳ ಪೊಲೀಸರು ಕೇಸು ಹಾಕಿದರು. 2013ರ ಜನವರಿ 18ರಂದು ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಗುಂಡು ಹಾರಿಸುವುದು ಸಂಚಾರದ ಅವಘಡವಲ್ಲ, ಹಾಗಾಗಿ 97ನೇ ವಿಧಿ ಅನ್ವಯಿಸದು ಎಂಬುದು ಒಂದು. 12 ಮೈಲಿಯಾಚೆ ಅಧಿಕಾರ ಕೇಂದ್ರದ್ದು, ಕೇರಳ ರಾಜ್ಯದ್ದಲ್ಲ ಎಂಬುದು ಇನ್ನೊಂದು. ಕಡಲ ಕಾನೂನು ಜಾರಿಯ ಚರ್ಚೆಯಲ್ಲಿ ಈ ಎರಡನೆಯ ಮಾತೇ ಮುಖ್ಯ. ಆಮೇಲೆ ವಿಷಯ ಅಂತರರಾಷ್ಟ್ರೀಯ ಪಂಚಾಯ್ತಿಗೆ ಹೋಯಿತು. ಯೋಧರಿಗೆ ವಿನಾಯಿತಿ ಇದೆ, ಭಾರತಕ್ಕೆ ಪರಿಹಾರ ಸಿಗಬೇಕು ಎಂದು 2020ರಲ್ಲಿ ತೀರ್ಮಾನವಾಯಿತು. 10 ಕೋಟಿ ರೂಪಾಯಿ ಬಂದ ಮೇಲೆ 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಮುಗಿಸಿತು. ಒಂಬತ್ತು ವರ್ಷಗಳಲ್ಲಿ ವಿಚಾರಣೆ ಎಂಬುದು ನಡೆಯಲೇ ಇಲ್ಲ.

ಹೆಲ್ಸಿಂಕಿಯ ತೀರ್ಪನ್ನು ಹಾಗೇ ಎತ್ತಿ ಗುಜರಾತಿನ ಗಾಳಿ ಗಿರಣಿಗೆ ಅಂಟಿಸುವ ಹಾಗೂ ಇಲ್ಲ. ಎಸ್ಟ್‌ಲಿಂಕ್ ಎರಡು ದೇಶಗಳನ್ನು ಜೋಡಿಸುವ ಕೇಬಲ್. ಗಾಳಿ ಗಿರಣಿಯಿಂದ ದಡಕ್ಕೆ ಬರುವ ಕೇಬಲ್ ಹಾಗಲ್ಲ. ಅದು ಸ್ಥಾವರದ ಭಾಗವಾಗಿ ದುಡಿಯುತ್ತದೆ, ಅಂಥ ಕೇಬಲ್ ಮೇಲೆ ಕರಾವಳಿ ದೇಶದ ಅಧಿಕಾರವನ್ನು 79ನೇ ವಿಧಿ ಉಳಿಸಿದೆ. ಭಾರತದ ಪರ ವಕೀಲರಿಗೆ ಫಿನ್ಲೆಂಡಿನವರಿಗಿಂತ ಗಟ್ಟಿ ನೆಲ ಇಲ್ಲಿ ಸಿಗುತ್ತದೆ. ಆದರೆ 500 ಮೀಟರ್ ಸುರಕ್ಷಾ ವಲಯ ಸ್ಥಾವರಕ್ಕೆ ಮಾತ್ರ, ಕೇಬಲ್ಲಿನ ಉದ್ದಕ್ಕೂ ಸಿಗುವುದಿಲ್ಲ.

ಹಡಗೋ, ಕಟ್ಟಡವೋ

ಇನ್ನೊಂದು ಗೋಜಲು ವಸ್ತುವಿನದೇ. ಮುಂಬೈ ಆಚೆಯ ಕಡಲಿನ ತೈಲಕ್ಷೇತ್ರವಾದ ಮುಂಬೈ ಹೈನಲ್ಲಿ ನಿಂತಿರುವ ತೈಲ ವೇದಿಕೆಗಳಿಗೆ ಸಮುದ್ರದ ತಳದಲ್ಲಿ ಕಾಲು ಊರಿದೆ, ಅವು ಕಟ್ಟಡಗಳೇ. ಆದರೆ 2024ರ ಜನವರಿಯಲ್ಲಿ ಕೃಷ್ಣಾ ಗೋದಾವರಿ ಆಳ ಕಡಲಿನಲ್ಲಿ ಒಎನ್‌ಜಿಸಿ ತೈಲ ತೆಗೆಯಲು ಶುರು ಮಾಡಿದ್ದು ತೇಲುವ ಹಡಗಿನಿಂದ. ಉತ್ಪಾದನೆ, ಸಂಗ್ರಹ, ಇಳಿಸುವಿಕೆ ಎಲ್ಲ ಅದರಲ್ಲೇ. ಆಳ ಹೆಚ್ಚಿದ ಕಡೆ ಗಾಳಿ ಗಿರಣಿಗಳನ್ನೂ ತೇಲಿಸಿ, ಸರಪಳಿಯಿಂದ ತಳಕ್ಕೆ ಬಿಗಿಯುತ್ತಾರೆ. ಇವು ಹಡಗೋ, ಸ್ಥಾವರವೋ?

ಸಮುದ್ರ ಸಂಚಾರ ಮತ್ತು ಸ್ಥಿರ ವೇದಿಕೆಗಳ ಮೇಲಿನ ದಾಳಿ ತಡೆಯುವ 2002ರ ಕಾಯ್ದೆ ತಳಕ್ಕೆ ಶಾಶ್ವತವಾಗಿ ಜೋಡಿಸಿದ್ದನ್ನು ಸ್ಥಿರ ವೇದಿಕೆ ಎನ್ನುತ್ತದೆ. ಹಾಗೆ ಜೋಡಿಸದ ತೇಲುವ ಏನೇ ಇದ್ದರೂ ಅದು ಹಡಗು. ಎರಡಕ್ಕೂ ರಕ್ಷಣೆ ಇದೆ, ಶಿಕ್ಷೆ ಕಠಿಣವಾಗಿದೆ. ಆದರೆ ಆ ಕಾಯ್ದೆಗೆ ಬೇಕಿರುವುದು ಉದ್ದೇಶಪೂರ್ವಕ ಕೃತ್ಯ. ನಿರ್ಲಕ್ಷ್ಯದಿಂದ ಲಂಗರು ಎಳೆದವನು ಅದರ ಬಲೆಗೆ ಬೀಳುವುದಿಲ್ಲ. 2025ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ವಾಣಿಜ್ಯ ನೌಕಾಯಾನ ಕಾಯ್ದೆ, ಕೊರೆಯುವ ತೇಲು ರಿಗ್‌ಗಳನ್ನೂ ಸಬ್‌ಮರ್ಸಿಬಲ್‌ಗಳನ್ನೂ ನೌಕೆಯ ವ್ಯಾಖ್ಯೆಯೊಳಗೆ ತಂದಿದೆ. ಒಳ್ಳೆಯದೇ. ಆದರೆ ನೌಕೆ ಎಂದ ಕೂಡಲೇ ಧ್ವಜದ, ಅಂದರೆ ಅದು ಯಾವ ದೇಶದಲ್ಲಿ ನೋಂದಣಿಯಾಗಿದೆ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ.

ಇದು ಬರೀ ಪುಸ್ತಕದ ತಕರಾರಲ್ಲ ಎಂಬುದಕ್ಕೆ ಪಿ305 ಬಾರ್ಜ್ ಸಾಕ್ಷಿ. ಅದಕ್ಕೆ ಸ್ವಂತ ಎಂಜಿನ್ ಇರಲಿಲ್ಲ. ಮುಂಬೈ ಹೈನಲ್ಲಿ ಕೆಲಸ ಮಾಡುವವರಿಗೆ ತೇಲುವ ವಸತಿಯಾಗಿ ಲಂಗರು ಹಾಕಿ ನಿಲ್ಲಿಸಿದ್ದರು. 2021ರ ಮೇ 17ರಂದು ತೌಕ್ತೆ ಚಂಡಮಾರುತದ ಹೊಡೆತಕ್ಕೆ ಲಂಗರುಗಳು ಕಿತ್ತು ಬಂದವು. ಬಾರ್ಜ್ ಅಲೆಯ ಮೇಲೆ ಅಡ್ಡಾದಿಡ್ಡಿ ತೇಲುತ್ತ ಹೋಗಿ ಜನರಿಲ್ಲದ ತೈಲ ವೇದಿಕೆಯೊಂದಕ್ಕೆ ಬಡಿಯಿತು, ತಳ ಒಡೆದು ಮುಳುಗಿತು. ಮೇಲಿದ್ದ 261 ಮಂದಿಯಲ್ಲಿ 70ಕ್ಕೂ ಹೆಚ್ಚು ಜನ ಸತ್ತರು. ಚಂಡಮಾರುತದ ಮುನ್ಸೂಚನೆ ದಿನಗಳ ಮೊದಲೇ ಬಂದಿತ್ತು.

ಹೊಣೆ ಯಾರದು? ಮುಂಬೈ ಪೊಲೀಸರು ಕ್ಯಾಪ್ಟನ್ ಮೇಲೆ ಎಫ್‌ಐಆರ್ ಹಾಕಿದರು. ಪೆಟ್ರೋಲಿಯಂ ಸಚಿವಾಲಯ ನೇಮಿಸಿದ ಉನ್ನತ ಸಮಿತಿಯಲ್ಲಿ ನೌಕಾಯಾನ ಇಲಾಖೆಯವರು, ಹೈಡ್ರೋಕಾರ್ಬನ್ ಇಲಾಖೆಯವರು, ರಕ್ಷಣಾ ಸಚಿವಾಲಯದವರು ಕೂತರು. ಕೆಲಸ ಒಎನ್‌ಜಿಸಿಯದು, ಗುತ್ತಿಗೆ ಒಬ್ಬರದು, ಬಾರ್ಜ್ ಇನ್ನೊಬ್ಬರದು, ಕ್ಯಾಪ್ಟನ್ ಅವರಿಗೆ ಸಂಬಳಕ್ಕಿದ್ದವನು. ಕಡಲ ತೈಲ ಕಾರ್ಯಾಚರಣೆಯ ಸುರಕ್ಷತೆಗೆ 2008ರ ನಿಯಮಗಳಿವೆ, ಅದನ್ನು ನೋಡಿಕೊಳ್ಳುವುದು ಪೆಟ್ರೋಲಿಯಂ ಸಚಿವಾಲಯದಡಿಯ ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯ. ಬಾರ್ಜಿನ ಯೋಗ್ಯತೆ ನೋಡಬೇಕಾದದ್ದು ನೌಕಾಯಾನ ಮಹಾನಿರ್ದೇಶನಾಲಯ. ಒಂದೇ ಜಾಗದಲ್ಲಿ ಇಬ್ಬರು ಇನ್ಸ್‌ಪೆಕ್ಟರ್‌ಗಳಿದ್ದರೆ ಇಬ್ಬರೂ ನೋಡುತ್ತಾರೆ ಎನ್ನುವುದಕ್ಕಿಂತ, ಇನ್ನೊಬ್ಬರು ನೋಡಿರಬಹುದು ಎಂದು ಇಬ್ಬರೂ ಅಂದುಕೊಳ್ಳುವ ಸಾಧ್ಯತೆಯೇ ಹೆಚ್ಚು.

ಕಾಗದ ಒಬ್ಬರ ಕೈಯಲ್ಲಿ, ದೋಣಿ ಇನ್ನೊಬ್ಬರ ಕೈಯಲ್ಲಿ

ಗಾಳಿ ಗಿರಣಿಯ ವಿಷಯದಲ್ಲಿ ಈ ಹಂಚಿಕೆ ಇನ್ನೂ ವಿಚಿತ್ರವಾಗಿದೆ. 2015ರ ಕಡಲ ಪವನ ಶಕ್ತಿ ನೀತಿಯ ಪ್ರಕಾರ ಉಸ್ತುವಾರಿ ನವೀಕರಿಸಬಹುದಾದ ಇಂಧನ ಸಚಿವಾಲಯದ್ದು. ನೋಡಲ್ ಸಂಸ್ಥೆ ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ. 2023ರ ಡಿಸೆಂಬರ್‌ನಲ್ಲಿ ಬಂದ ಗುತ್ತಿಗೆ ನಿಯಮಗಳು ಜಾಗ ಕೊಡುವುದು ಹೇಗೆಂದು ಹೇಳುತ್ತವೆ. ಈ ಎರಡು ಸಂಸ್ಥೆಗಳಿಗೂ ಪೊಲೀಸರಿಲ್ಲ, ಗಸ್ತು ದೋಣಿಯಿಲ್ಲ. ದೋಣಿ ಇರುವುದು ರಕ್ಷಣಾ ಸಚಿವಾಲಯದಡಿಯ ಕೋಸ್ಟ್ ಗಾರ್ಡ್ ಬಳಿ. ಕಡಲಲ್ಲಿರುವ ಸ್ಥಾವರಗಳ ರಕ್ಷಣೆ ಅದರ ಕರ್ತವ್ಯವೆಂದು 1978ರ ಕಾಯ್ದೆಯಲ್ಲೇ ಬರೆದಿದೆ. ಆದರೆ ಹಿಡಿದ ಮೇಲೆ ಎಫ್‌ಐಆರ್ ಬರೆಯಲು, ತನಿಖೆ ನಡೆಸಲು ಅವರು ದಡದ ಪೊಲೀಸರಿಗೇ ಒಪ್ಪಿಸಬೇಕು. ಕರ್ನಾಟಕದಲ್ಲಿ ಮಲ್ಪೆಯಲ್ಲಿ ಕೇಂದ್ರ ಕಚೇರಿಯಿರುವ ಕರಾವಳಿ ಕಾವಲು ಪೊಲೀಸರು ರಾಜ್ಯದ ಗೃಹ ಇಲಾಖೆಯವರು, 12 ಮೈಲಿ ಅವರ ಗಡಿ. ಇಷ್ಟು ಸಾಲದೆಂಬಂತೆ, 1976ರ ಕಾಯ್ದೆಯಡಿ ಮೊಕದ್ದಮೆ ಹೂಡಲು ಕೇಂದ್ರದ ಮುಂಗಡ ಅನುಮತಿ ಬೇಕು, ಗರಿಷ್ಠ ಶಿಕ್ಷೆ ಮೂರು ವರ್ಷ.

ವಿದೇಶಿ ಹಡಗೊಂದು ಸುರಕ್ಷಾ ವಲಯದೊಳಗೆ ನುಗ್ಗಿ ಗಿರಣಿಯ ಬುಡಕ್ಕೆ ತಾಗಿಸಿಕೊಂಡು ಹೊರಟಿತು ಎಂದುಕೊಳ್ಳಿ. ಬೆನ್ನಟ್ಟಿ ಹಿಡಿಯುವ ಹಕ್ಕು 111ನೇ ವಿಧಿಯಲ್ಲಿದೆ, ಸುರಕ್ಷಾ ವಲಯದ ಉಲ್ಲಂಘನೆಗೂ ಅನ್ವಯಿಸುತ್ತದೆ. ಷರತ್ತುಗಳನ್ನು ಓದಿದರೆ ಮಾತ್ರ ಕೋಸ್ಟ್ ಗಾರ್ಡ್ ಅಧಿಕಾರಿಯ ಮೇಲೆ ಕನಿಕರ ಹುಟ್ಟುತ್ತದೆ. ನಿಲ್ಲುವಂತೆ ಕಣ್ಣಿಗೆ ಕಾಣುವ ಅಥವಾ ಕಿವಿಗೆ ಕೇಳುವ ದೂರದಿಂದ ಸೂಚನೆ ಕೊಟ್ಟ ನಂತರವೇ ಬೆನ್ನಟ್ಟಬೇಕು. ಆ ಹೊತ್ತಿಗೆ ಹಡಗು ಆ ವಲಯದಲ್ಲೇ ಇರಬೇಕು. ನಡುವೆ ಎಲ್ಲೂ ಕಡಿಯಬಾರದು. ಕತ್ತಲಲ್ಲೋ ಮಳೆಯಲ್ಲೋ ಕಣ್ತಪ್ಪಿ ಬೆನ್ನಟ್ಟುವಿಕೆ ನಿಂತಿತೋ, ಹಕ್ಕೂ ಹೋಯಿತು. ಬೇರೆ ದೇಶದ ಜಲಸೀಮೆ ಸೇರಿದರೂ ಅಷ್ಟೇ. ಕಾರಣವಿಲ್ಲದೆ ತಡೆದದ್ದೆಂದು ಸಾಬೀತಾದರೆ ನಷ್ಟ ಕಟ್ಟಿಕೊಡಬೇಕು. ನೂರಾರು ಕಿ.ಮೀ. ಹರಡಿದ ಕಡಲಲ್ಲಿ ಘಟನೆ ನಡೆದ ಆ ಗಳಿಗೆಯಲ್ಲಿ ಗಸ್ತು ಹಡಗು ಕಣ್ಣಳತೆಯಲ್ಲಿರಬೇಕು ಎಂದರೆ ಎಷ್ಟು ಹಡಗು ಬೇಕು?

ಅವಸರಪಟ್ಟರೂ ಕಷ್ಟವೇ. 2013ರ ಸೆಪ್ಟೆಂಬರ್‌ನಲ್ಲಿ ಗ್ರೀನ್‌ಪೀಸ್ ಕಾರ್ಯಕರ್ತರು ಆರ್ಕ್‌ಟಿಕ್‌ನ ರಷ್ಯನ್ ತೈಲ ವೇದಿಕೆಗೆ ಹತ್ತಲು ಹೋದಾಗ ರಷ್ಯಾ ಅವರ ಆರ್ಕ್‌ಟಿಕ್ ಸನ್‌ರೈಸ್ ಹಡಗನ್ನೇ ವಶಪಡಿಸಿಕೊಂಡು ಕಡಲ್ಗಳ್ಳತನದ ಆರೋಪ ಹೊರಿಸಿತು. ಹಡಗು ನೆದರ್ಲೆಂಡ್ಸ್‌ನದು. ತೈಲ ವೇದಿಕೆ ಹಡಗಲ್ಲ, ಆದ್ದರಿಂದ ಕಡಲ್ಗಳ್ಳತನದ ಮಾತೇ ಬರದು ಎಂದು 2015ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ರಷ್ಯಾದ ವಿರುದ್ಧ ತೀರ್ಪು ಕೊಟ್ಟಿತು. ಪರಿಹಾರವಾಗಿ 54 ಲಕ್ಷ ಯೂರೊ ಕೊಡಬೇಕೆಂದು 2017ರಲ್ಲಿ ಆದೇಶವಾಯಿತು.

ಜೈಲಿಗಿಂತ ಜಪ್ತಿ

ಕ್ರಿಮಿನಲ್ ದಾರಿ ಇಷ್ಟು ಮುಳ್ಳಿನದಾದರೆ ಬೇರೆ ದಾರಿ ಇಲ್ಲವೇ? ಇದೆ. ಕೇರಳ ಅದನ್ನು 2025ರಲ್ಲಿ ತೋರಿಸಿತು. ಮೇ 25ರಂದು ಲೈಬೀರಿಯಾ ಧ್ವಜದ ಎಂಎಸ್‌ಸಿ ಎಲ್ಸಾ 3, 640 ಕಂಟೇನರ್‌ಗಳೊಂದಿಗೆ 12 ಮೈಲಿಯಾಚೆ ಮುಳುಗಿತು. ಪ್ಲಾಸ್ಟಿಕ್ ಕಾಳುಗಳು ದಡಕ್ಕೆ ಬಂದು ಬಿದ್ದವು. ಫೋರ್ಟ್ ಕೊಚ್ಚಿಯ ಕರಾವಳಿ ಪೊಲೀಸರು ಜೂನ್ 11ರಂದು ಎಫ್‌ಐಆರ್ ದಾಖಲಿಸಿದರು. ಆದರೆ ಕಂಪನಿಗೆ ನಿಜವಾಗಿ ಬಿಸಿ ಮುಟ್ಟಿಸಿದ್ದು ಎಫ್‌ಐಆರ್ ಅಲ್ಲ. ಕೇರಳ ಸರ್ಕಾರ ಹೈಕೋರ್ಟ್‌ನಲ್ಲಿ 9,531 ಕೋಟಿ ರೂಪಾಯಿಯ ದಾವೆ ಹೂಡಿತು. ಅದೇ ಸಮೂಹದ ಇನ್ನೊಂದು ಹಡಗು ವಿಳಿಂಜಂ ಬಂದರಿನಲ್ಲಿತ್ತು. ಅದನ್ನು ತಡೆಹಿಡಿಯಲು ನ್ಯಾಯಾಲಯ ಆದೇಶಿಸಿತು.

ಈ ಅಧಿಕಾರ ಹಡಗುಗಳ ಮೇಲಿನ ದಾವೆಗಳಿಗೆಂದಿರುವ 2017ರ ಅಡ್ಮಿರಾಲ್ಟಿ ಕಾಯ್ದೆಯದು. ಅದರಲ್ಲಿ ಹೆಸರಿಸಿದ ಹೈಕೋರ್ಟ್‌ಗಳಲ್ಲಿ ಕರ್ನಾಟಕವೂ ಒಂದು. ಸಮುದ್ರದಿಂದ 350 ಕಿ.ಮೀ. ದೂರದ ಬೆಂಗಳೂರಿನಲ್ಲಿ ಕೂತ ನ್ಯಾಯಮೂರ್ತಿ ಪಣಂಬೂರಿನಲ್ಲಿ ನಿಂತ ಹಡಗಿಗೆ ಹೊರಡಬೇಡ ಎನ್ನಬಹುದು. ಹಡಗು ಒಂದು ದಿನ ನಿಂತರೂ ಮಾಲೀಕರಿಗೆ ಲಕ್ಷಗಟ್ಟಲೆ ನಷ್ಟ, ಹಾಗಾಗಿ ವಿಮಾ ಕಂಪನಿ ಬೇಗನೆ ಮಾತುಕತೆಗೆ ಬರುತ್ತದೆ. ಇದರ ಮಿತಿಯೂ ಅಲ್ಲೇ ಇದೆ. ಹಡಗು, ಇಲ್ಲವೇ ಅದೇ ಮಾಲೀಕನ ಇನ್ನೊಂದು ಹಡಗು ನಮ್ಮ ಜಲಸೀಮೆಗೆ ಬರಬೇಕು. ಒಂದೇ ಹಡಗಿನ ಹೆಸರಿಗೆ ಒಂದು ಕಂಪನಿ ತೆರೆದು, ಭಾರತದ ಕಡೆ ತಲೆಯೇ ಹಾಕದ ಮಾಲೀಕನನ್ನು ಹಿಡಿಯುವುದು ಹೇಗೆ? ಎಸ್ಟ್‌ಲಿಂಕ್ ಹಾದುಹೋಗುವ ಬಾಲ್ಟಿಕ್ ಸಮುದ್ರವನ್ನು ಕಾಡುತ್ತಿರುವುದು ಇಂಥ ಹಡಗುಗಳೇ.

ದೇಶದೊಳಗಿನ ಗುತ್ತಿಗೆದಾರರ ವಿಷಯದಲ್ಲೂ ಗಾಳಿ ಇದೇ ದಿಕ್ಕಿಗೆ ಬೀಸುತ್ತಿದೆ. ತೈಲಕ್ಷೇತ್ರಗಳ 1948ರ ಕಾಯ್ದೆಯಲ್ಲಿ ನಿಯಮ ಮುರಿದರೆ ಆರು ತಿಂಗಳ ಜೈಲು, ಇಲ್ಲವೇ ಸಾವಿರ ರೂಪಾಯಿ ದಂಡವಿತ್ತು. 2025ರ ತಿದ್ದುಪಡಿ ಜೈಲನ್ನು ತೆಗೆದು 25 ಲಕ್ಷ ರೂಪಾಯಿವರೆಗಿನ ದಂಡ ತಂದಿದೆ. ಎಂದೂ ಆಗದ ಜೈಲಿಗಿಂತ ವಸೂಲಾಗುವ ದಂಡ ಮೇಲು ಎನ್ನುವುದು ಒಂದು ವಾದ. ದೊಡ್ಡ ತೈಲ ಕಂಪನಿಗೆ 25 ಲಕ್ಷ ಯಾವ ಲೆಕ್ಕ ಎನ್ನುವುದು ಎದುರು ವಾದ. ಪಿ305ರಂಥ ದುರಂತದ ಮುಂದೆ ಎರಡನೆಯ ವಾದವೇ ತೂಕದ್ದು.

ಮೊದಲು ಸಿಕ್ಕಿಬೀಳುವವರು

ಕೇಬಲ್ ಕಡಿಯುವ ಗೂಢಚಾರರ ಕತೆ ರೋಚಕ. ಆದರೆ ಗಿರಣಿಗಳು ಎದ್ದು ನಿಂತ ಮೇಲೆ ಸುರಕ್ಷಾ ವಲಯ ದಾಟಿದ ತಪ್ಪಿಗೆ ಮೊದಲು ಸಿಕ್ಕಿಬೀಳುವುದು ಮೀನುಗಾರರೇ. ವಿದೇಶಿ ಹಡಗಿಗೆ ಧ್ವಜದ ರಕ್ಷಣೆಯಿದೆ; ನಮ್ಮ ಟ್ರಾಲ್ ಬೋಟಿನ ತಾಂಡೇಲನಿಗೆ (ಬೋಟು ನಡೆಸುವವನಿಗೆ) ಯಾವ 97ನೇ ವಿಧಿಯೂ ಇಲ್ಲ, ಅವನು ನಮ್ಮ ಕಾನೂನಿಗೆ ಪೂರ್ತಿ ಒಳಪಟ್ಟವನು. ಕಂಬಗಳ ಬುಡದಲ್ಲಿ ಮೀನು ಗುಂಪುಗೂಡುತ್ತವೆ, ಬೋಟುಗಳೂ ಅತ್ತ ಸುಳಿಯುತ್ತವೆ. ತಳ ಕೆರೆಯುವ ಬಲೆ ಕೇಬಲ್ಲಿಗೆ ಸಿಕ್ಕಿಕೊಂಡರೆ ಬಲೆಯೂ ಹೋಯಿತು, ಕೇಸೂ ಬಿತ್ತು. 12 ಮೈಲಿಯೊಳಗೆ ಅವನಿಗೆ ಅನ್ವಯಿಸುವುದು ರಾಜ್ಯದ 1986ರ ಕಡಲ ಮೀನುಗಾರಿಕೆ ಕಾಯ್ದೆ, ಆಚೆಗೆ ಕೇಂದ್ರದ ಕಾನೂನು. ಗಡಿ ನೀರಿನ ಮೇಲೆ ಕಾಣುವುದಿಲ್ಲ.

ಅನ್ಯಾಯ ಅವನಿಗೇ ಆದರೆ? 2018ರ ಡಿಸೆಂಬರ್ 15ರ ರಾತ್ರಿ ಮಲ್ಪೆಯ ಸುವರ್ಣ ತ್ರಿಭುಜ ಬೋಟ್ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅವಶೇಷ ಪತ್ತೆಯಾದದ್ದು 2019ರ ಮೇ ತಿಂಗಳ ಆರಂಭದಲ್ಲಿ, ಮಹಾರಾಷ್ಟ್ರದ ಮಾಲ್ವಣದಾಚೆಯ ಕಡಲ ತಳದಲ್ಲಿ. ನಾಲ್ಕು ತಿಂಗಳು ಉಪ್ಪು ನೀರಿನಲ್ಲಿ ಬಿದ್ದಿದ್ದ ಬೋಟ್‌ನಿಂದ ಎಂಥ ಸಾಕ್ಷ್ಯ ಸಿಕ್ಕೀತು?

ಹಾಸನ ಈ ಕತೆಯೊಳಗೆ ಬರುವುದು ಇಲ್ಲಿಯೇ. ಬೋಟ್‌ಗಳಿಗೆ ಒಂದು ಲಕ್ಷ ಟ್ರಾನ್ಸ್‌ಪಾಂಡರ್ ಹಾಕುವ ಕೇಂದ್ರದ ಯೋಜನೆಗೆ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಚಾಲನೆ ಸಿಕ್ಕಿತು. ಇಸ್ರೊ ರೂಪಿಸಿದ ಈ ಸಾಧನ ಮೊಬೈಲ್ ಸಿಗ್ನಲ್ ಸಿಗದ ಕಡಲಿನಿಂದಲೂ ಉಪಗ್ರಹದ ಮೂಲಕ ಬೋಟ್ ಎಲ್ಲಿದೆಯೆಂದು ಹೇಳುತ್ತದೆ, ದಡದಿಂದ ಎಚ್ಚರಿಕೆಯನ್ನೂ ತಲುಪಿಸುತ್ತದೆ. ದೇಶದ ಭೂಸ್ಥಿರ ಉಪಗ್ರಹಗಳನ್ನು ಕಕ್ಷೆಯಲ್ಲಿ ನಿಭಾಯಿಸುವುದು ಹಾಸನದ ಎಂಸಿಎಫ್ ಎಂಬ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ, 1982ರಿಂದ. ಕಡಲನ್ನೇ ಕಾಣದ ಊರಿನ ಆಂಟೆನಾಗಳು ಕಡಲ ಸಾಕ್ಷ್ಯದ ಕೊಂಡಿಯಾಗಿವೆ. ಎಲ್ಲಿ, ಯಾವ ಹೊತ್ತಿಗೆ, ಯಾರು ಎಂಬ ಮೂರು ಪ್ರಶ್ನೆಗೆ ಉತ್ತರ ಕೊಡುವ ದಾಖಲೆ ಇದ್ದರೆ ಕಾನೂನಿನ ಅರ್ಧ ಗೋಜಲು ಬಿಡಿಸಿದಂತೆ. ಆ ದಾಖಲೆ ತಾಂಡೇಲನ ಪರವೂ ನಿಲ್ಲಬಹುದು, ವಿರುದ್ಧವೂ ನಿಲ್ಲಬಹುದು. ಮೀನುಗಾರರು ಅನುಮಾನಪಟ್ಟರೆ ಅದಕ್ಕೆ ಇದೇ ಕಾರಣ, ಅದು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ.

ಇನ್ನು ರಿಗ್, ಬಾರ್ಜ್, ಹಡಗುಗಳಿಗೆ ದುಡಿಯಲು ಹೋದವರ ಮನೆಯವರ ಪ್ರಶ್ನೆ. ಕಡಲಲ್ಲಿ ಅನಾಹುತವಾದರೆ ದೂರು ಕೊಡಲು ಮುಂಬೈಗೇ ಓಡಬೇಕಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅರಸೀಕೆರೆಯ ಠಾಣೆಯಲ್ಲೂ ಝೀರೋ ಎಫ್‌ಐಆರ್ ಮಾಡಿಸಬಹುದು. ನಮ್ಮ ಸರಹದ್ದಲ್ಲ ಎಂದು ಪೊಲೀಸರು ವಾಪಸ್ ಕಳಿಸುವಂತಿಲ್ಲ. ಮುಂದೆ ಅದನ್ನು ಯಾವ ಠಾಣೆಗೆ ವರ್ಗಾಯಿಸಬೇಕು ಎಂಬಲ್ಲಿ ಮತ್ತೆ ಅದೇ 12 ಮೈಲಿಯ ಲೆಕ್ಕ ಬರುತ್ತದೆ.

ಮುಂದೇನು

ಹೊಸದೊಂದು ದೊಡ್ಡ ಕಾಯ್ದೆ ಬರೆಯಬೇಕು ಎನ್ನುವ ಬೇಡಿಕೆ ಇಂಥ ಸಂದರ್ಭದಲ್ಲಿ ಸುಲಭವಾಗಿ ಎದ್ದುಬಿಡುತ್ತದೆ. ಅದರ ಅಗತ್ಯ ಕಾಣುವುದಿಲ್ಲ. 1976ರ ಕಾಯ್ದೆಯ 7ನೇ ಸೆಕ್ಷನ್ ಕೈಯಲ್ಲೇ ಇದೆ. ಗಿರಣಿ ನಿಲ್ಲುವ ಪ್ರದೇಶವನ್ನು ಅದರಡಿ ಗೊತ್ತುಪಡಿಸಿ, ಯಾವ ಕಾನೂನು ಅನ್ವಯ, ಯಾವ ಠಾಣೆ, ಯಾವ ಸೆಷನ್ಸ್ ಕೋರ್ಟ್ ಎಂದು ಒಂದೇ ಅಧಿಸೂಚನೆಯಲ್ಲಿ ಬರೆದುಬಿಟ್ಟರೆ ಎನ್ರಿಕಾ ಲೆಕ್ಸಿಯಲ್ಲಿ ಕಳೆದುಹೋದ ಮೊದಲ ಒಂದು ವರ್ಷ ಮರುಕಳಿಸುವುದಿಲ್ಲ. ತೇಲುವ ಗಿರಣಿ ಸರಪಳಿಯಲ್ಲಿ ಬಿಗಿದಿರುವಷ್ಟು ಕಾಲ ಸ್ಥಾವರ, ಕಳಚಿಕೊಂಡರೆ ನೌಕೆ ಎಂದು ಅದರಲ್ಲೇ ಹೇಳಬಹುದು.

ಇದನ್ನು ಮಾಡದೆ ಗಿರಣಿ ನೆಟ್ಟರೆ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಮೊದಲ ದೊಡ್ಡ ಅವಘಡ ವರ್ಷಗಟ್ಟಲೆ ಅಧಿಕಾರ ವ್ಯಾಪ್ತಿಯ ವಾದದಲ್ಲೇ ಸವೆಯುತ್ತದೆ. ವಿಮಾ ಕಂಪನಿಗಳು ಆ ಅನಿಶ್ಚಿತತೆಯನ್ನು ಪ್ರೀಮಿಯಮ್‌ನಲ್ಲಿ ಸೇರಿಸುತ್ತವೆ. ಪ್ರೀಮಿಯಮ್ ಯೂನಿಟ್ ದರಕ್ಕೆ ಸೇರುತ್ತದೆ. ಈಗಾಗಲೇ ಸಾವಿರಾರು ಕೋಟಿಯ ಸರ್ಕಾರಿ ನೆರವಿಲ್ಲದೆ ನಿಲ್ಲಲಾಗದ ಕಡಲ ಗಾಳಿ ಇನ್ನಷ್ಟು ದುಬಾರಿಯಾಗುತ್ತದೆ. ಮಂಗಳೂರಿನ ಬೋಯೆಯ ಮಟ್ಟಿಗೆ ಆತಂಕ ಕಡಿಮೆ. ಅದು 12 ಮೈಲಿಯ ಒಳಗಿದೆ, ಅಲ್ಲಿ ಯಾರ ಕಾನೂನು ಎಂಬ ಜಗಳವಿಲ್ಲ. ಆದರೂ 2025ರ ಜೂನ್‌ನಲ್ಲಿ ಕೇರಳದ ಉತ್ತರ ಕಡಲಿನಲ್ಲಿ ಹೊತ್ತಿ ಉರಿದ ಸಿಂಗಪುರದ ವಾನ್ ಹೈ 503 ಹಡಗಿನಿಂದ ಪಾರಾದ 18 ಮಂದಿಯನ್ನು ನೌಕಾಪಡೆ ತಂದಿಳಿಸಿದ್ದು ಮಂಗಳೂರಿಗೇ. ಅಂಥದ್ದೇ ಹಡಗು ಎಂಜಿನ್ ಕೆಟ್ಟು ಬೋಯೆಯ ಕಡೆ ತೇಲಿಬಂದರೆ ಅದನ್ನು ತಡೆದು ಎಳೆಯಲು ಶಕ್ತಿಯುತ ಟಗ್ ಎಷ್ಟು ಹೊತ್ತಿನಲ್ಲಿ ತಲುಪುತ್ತದೆ ಎನ್ನುವುದು ಯಾವ ಸೆಕ್ಷನ್‌ಗಿಂತಲೂ ಮುಖ್ಯವಾದ ಪ್ರಶ್ನೆ. ಬಂದರು, ಕೋಸ್ಟ್ ಗಾರ್ಡ್, ತೈಲ ಕಂಪನಿ ಮೂವರೂ ಕೂತು ಉತ್ತರಿಸಬೇಕಾದದ್ದು ಅದು.